ಭಾವನ ತಲೆಯನ್ನೂ ಬಿಡದ ಮಾನ್ಯ ನೇಮಕಾತಿ ಅಧಿಕಾರಿಗಳಿಗೆ

ಮಾನ್ಯರೇ,

ತಮ್ಮ ಕಣ್ಣುಗಳು ಕ್ಷೇಮವೆಂದು ನಂಬಿ ಈ ಪತ್ರ ಬರೆಯುತ್ತಿದ್ದೇನೆ. ನಾನು ಹನ್ನೊಂದು ವರ್ಷ ಜಾಲತಾಣದಲ್ಲಿ ಗೀಚಿದ್ದನ್ನೆಲ್ಲ ಕೂತು ಓದುವುದು ಸಾಮಾನ್ಯ ಕಣ್ಣುಗಳ ಕೈಲಾಗುವ ಕೆಲಸವಲ್ಲ. ನನ್ನ ಹೆಂಡತಿಯೇ ಎರಡನೇ ವರ್ಷಕ್ಕೆ ಕೈಚೆಲ್ಲಿದ್ದಳು.

ಲಿಫ್ಟ್ ಮೆಕ್ಯಾನಿಕ್ ಕೆಲಸ ಕೇಳಿಕೊಂಡು ಹೋದ ಸೋಮವಾರ ತಮ್ಮ ಲಿಫ್ಟ್ ಕಂಪನಿಯ ಐದನೇ ಮಹಡಿಯಲ್ಲಿ ನನ್ನ ತೆಳ್ಳನೆಯ ಫೈಲು ಹಿಡಿದು ಕೂತಿದ್ದಾಗ, ತಾವು ಅದರ ನಾಲ್ಕರಷ್ಟು ದಪ್ಪದ ಫೈಲೊಂದನ್ನು ಮೇಜಿನ ಮೇಲಿಟ್ಟಿರಿ, ಅದೂ ನನ್ನದೇ ಎಂದು ತಿಳಿದು ನನಗೆ ಎದೆಯುಬ್ಬಿತು. ಬ್ರೇಕು, ಮೋಟಾರು, ಉಕ್ಕಿನ ಹಗ್ಗ ಇತ್ಯಾದಿ ಕ್ಷುಲ್ಲಕ ವಿಚಾರಗಳಲ್ಲಿ ಕಾಲಹರಣ ಮಾಡದೆ ತಾವು ನೇರವಾಗಿ ನನ್ನ ಭಾವನ ತಲೆಗೇ ಬಂದಿರಿ.

ಏಳು ವರ್ಷದ ಹಿಂದೆ ಚೆಸ್‌ನಲ್ಲಿ ಸೋತ ಸಿಟ್ಟಿಗೆ ಅವರ ಫೋಟೋದ ಕೆಳಗೆ ‘ಮುಂದಿನ ಸಲ ನಿಮ್ಮ ತಲೆ ಒಡೀತೀನಿ ಭಾವ’ ಎಂದು ಬರೆದದ್ದು ನಿಜ. ಅದರ ಪಕ್ಕದಲ್ಲಿ ತಾವು ಕೆಂಪು ಶಾಯಿಯಲ್ಲಿ ‘ಹಿಂಸಾ ಪ್ರವೃತ್ತಿ’ ಎಂದು ಷರಾ ಬರೆದಿದ್ದೀರಿ. ತಲೆ ಒಡೆಯುವಾಗಲೂ ನಾನು ಬಹುವಚನ ಬಿಟ್ಟಿರಲಿಲ್ಲವೆಂಬುದು ಮಾತ್ರ ತಮ್ಮ ಕಣ್ಣು ತಪ್ಪಿದೆ. ಸದರಿ ತಲೆ ಇಂದಿಗೂ ಸುಸ್ಥಿತಿಯಲ್ಲಿದ್ದು, ಬೇಕಾದಲ್ಲಿ ತಪಾಸಣೆಗೆ ಕಳಿಸಿಕೊಡುತ್ತೇನೆ, ಭಾವನ ಸಮೇತ ಹಿಂತಿರುಗಿಸತಕ್ಕದ್ದು.

ಇನ್ನು ಅಕ್ಕನ ಮಗಳ ಹುಟ್ಟುಹಬ್ಬದಲ್ಲಿ ನಾನು ಕುರ್ಚಿಯಲ್ಲೇ ಬಾಯಿ ತೆರೆದು ಮಲಗಿದ ಫೋಟೋಗೆ ‘ಸೋಮಾರಿ’ ಎಂಬ ಬಿರುದು. ಆಸ್ಪತ್ರೆಯೊಂದರ ಕೆಟ್ಟ ಲಿಫ್ಟನ್ನು ಎರಡು ಪಾಳಿ ಒಂದೇ ಸಮನೆ ದುಡಿದು ಓಡುವಂತೆ ಮಾಡಿ, ಗ್ರೀಸು ಮೆತ್ತಿದ ಕೈಯಲ್ಲೇ ಅಲ್ಲಿಗೆ ಬಂದಿದ್ದೆ. ಆ ಲಿಫ್ಟು ಜಾಲತಾಣದಲ್ಲಿ ಖಾತೆ ತೆರೆದಿಲ್ಲವಾದ್ದರಿಂದ ತಮಗೆ ಸಿಗಲಿಲ್ಲ; ತಪ್ಪು ಲಿಫ್ಟಿನದೇ.

ಕೆಲಸವಿಲ್ಲವೆಂಬ ತಮ್ಮ ಪತ್ರ ತಲುಪಿತು. ಅಂದಿನಿಂದ, ಬರುವ ವರ್ಷ ಕೆಲಸ ಹುಡುಕಬೇಕಾದ ಆ ಅಕ್ಕನ ಮಗಳು ಫೋನು ಹಿಡಿದು ಒಂದೊಂದೇ ಫೋಟೋ ಅಳಿಸುತ್ತಾ, ‘ಮಾಮಾ, ಇದ್ರಲ್ಲಿ ನಕ್ಕಿದ್ದು ಜಾಸ್ತಿ ಆಯ್ತಾ?’ ಎಂದು ಕೇಳುತ್ತಾಳೆ. ಇದು ತಮ್ಮ ಕೆಂಪು ಶಾಯಿಗೆ ಸೇರಿದ ಪ್ರಶ್ನೆ. ಆದಕಾರಣ ಉದ್ಯೋಗಾಕಾಂಕ್ಷಿಗಳು ಎಷ್ಟು ಹಲ್ಲು ಕಾಣುವಂತೆ ನಗಬಹುದೆಂಬ ಬಗ್ಗೆ ತಾವು ಬೇಗನೆ ಒಂದು ಸುತ್ತೋಲೆ ಹೊರಡಿಸಬೇಕಾಗಿ ಕೈಮುಗಿದು ಕೋರುತ್ತೇನೆ.

ತಾವು ನಂಬದಿದ್ದರೂ,
ತಮ್ಮ ವಿಶ್ವಾಸಿ,
ಕೆಂಪು ಶಾಯಿಯ ಲಿಫ್ಟ್ ಮೆಕ್ಯಾನಿಕ್

ಮರೆತ ಮಾತು: ನಾನು ಇಳಿದು ಬರುವಾಗ ತಮ್ಮ ಕಚೇರಿಯ ಲಿಫ್ಟು ಮೂರನೇ ಮಹಡಿಯ ಹತ್ತಿರ ಎರಡು ಸಲ ಜಗ್ಗಿ ಕಿರ್ರೆಂದಿತು. ಏನಾಗಿರಬಹುದೆಂದು ಶಬ್ದದಲ್ಲೇ ಗೊತ್ತಾಯಿತು. ಆದರೆ ಕರೆಯದೆ ಯಾರದೇ ಒಳಗನ್ನು ಇಣುಕಿ ನೋಡುವ ಅಭ್ಯಾಸ ನಮ್ಮ ಕಸುಬಿನಲ್ಲಿಲ್ಲ. ಸದ್ಯಕ್ಕೆ ತಾವು ಮೆಟ್ಟಿಲು ಹತ್ತುವುದು ಕ್ಷೇಮ.