ಅಪ್ಪನ ದನಿ ಕಂಪ್ಯೂಟರಿಗೆ ಇಳಿದದ್ದು

ಹೆಂಡತಿ: ವೈರನ್ನ ಅಷ್ಟು ಜೋರಾಗಿ ತುರುಕಬೇಡಿ ಅಂದೆನಲ್ಲ. ಅದು ಯುಎಸ್‌ಬಿ ಪೋರ್ಟು, ನಿಮ್ಮ ಬಸ್ಸಿನ ಬಾಗಿಲಲ್ಲ.

ಗಂಡ: ಹೋಗ್ತಿಲ್ಲ ಅಂದ್ರೆ ಏನ್ ಮಾಡಲಿ?

ಹೆಂಡತಿ: ತಿರುಗಿಸಿ ಹಾಕಿ.

ಗಂಡ: ತಿರುಗಿಸಿದೆ.

ಹೆಂಡತಿ: ಮತ್ತೆ ತಿರುಗಿಸಿ.

ಗಂಡ: ಆಗ ಮೊದಲಿದ್ದ ಹಾಗೇ ಆಗುತ್ತಲ್ಲೇ.

ಗೊಣಗುತ್ತಲೇ ತಿರುಗಿಸಿದ. ಸಲೀಸಾಗಿ ಒಳಗೆ ಹೋಯಿತು.

ಆತ ಶಾಲಾ ಬಸ್ಸಿನ ಡ್ರೈವರು. ಆಕೆ ಮನೆಯಲ್ಲೇ ಬಟ್ಟೆ ಹೊಲಿಯುವವಳು. ಬೆಳಿಗ್ಗೆ ಆಕೆಯ ಫೋನು ಕೈಜಾರಿ ಬಿದ್ದು ಪರದೆಯ ಮೇಲರ್ಧ ಕಪ್ಪಾಗಿತ್ತು. ಆ ಕಪ್ಪು ಮೆಲ್ಲಮೆಲ್ಲಗೆ ಕೆಳಗಿಳಿಯುತ್ತಿತ್ತು. ಹೋದ ವರ್ಷ ತೀರಿಕೊಂಡ ಆಕೆಯ ಅಪ್ಪ ಕಳಿಸಿದ್ದ ಕೊನೆಯ ಧ್ವನಿ ಸಂದೇಶ ಆ ಫೋನಿನಲ್ಲಿ ಬಿಟ್ಟರೆ ಇನ್ನೆಲ್ಲೂ ಇರಲಿಲ್ಲ. ಪರದೆ ಪೂರ್ತಿ ಸಾಯುವ ಮೊದಲು ಅದನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕಿತ್ತು.

ಗಂಡ: ಚಾರ್ಜ್ ಏನೋ ಆಗ್ತಿದೆ. ಆದ್ರೆ ಫೋನು ಬಂದಿರೋದು ಕಂಪ್ಯೂಟರಿಗೇ ಗೊತ್ತಿಲ್ಲ.

ಹೆಂಡತಿ: ಈ ವೈರು ಎಲ್ಲಿಂದ ತಂದ್ರಿ?

ಗಂಡ: ಬಸ್ಸಿಂದ.

ಹೆಂಡತಿ: ಅದು ಬರೀ ಚಾರ್ಜಿಗೆ. ಫೋನಿನ ಜೊತೆ ಬಂದಿದ್ದು ಎಲ್ಲಿ?

ಗಂಡ: ನಿನ್ನ ಎಲಾಸ್ಟಿಕ್ ಡಬ್ಬದಲ್ಲಿ. ಉದ್ದ ಇರೋದನ್ನೆಲ್ಲ ಅಲ್ಲೇ ಹಾಕ್ತೀಯಲ್ಲ.

ಆ ವೈರು ಸಿಕ್ಕಿಸಿದರು. ಈಗ ಚಾರ್ಜೂ ನಿಂತಿತು.

ಗಂಡ: ನೋಡು, ಇದಕ್ಕಿಂತ ನನ್ನದೇ ವಾಸಿ.

ಹೆಂಡತಿ: ಮುಂದಿನ ಪೋರ್ಟು ಸಡಿಲ ಆಗಿರಬೇಕು. ಹಿಂದೆ ಹಾಕಿ.

ಗಂಡ (ಫೋನನ್ನು ಮಗುಚಿ ನೋಡುತ್ತ): ಹಿಂದೆ ತೂತೇ ಇಲ್ವಲ್ಲ.

ಹೆಂಡತಿ: ಫೋನಿನ ಹಿಂದೆ ಅಲ್ಲ ರೀ, ಕಂಪ್ಯೂಟರಿನ ಹಿಂದೆ.

ಆತ ಮೇಜಿನ ಕೆಳಗೆ ತೂರಿದ. ಎರಡು ಪಾದಗಳಷ್ಟೇ ಹೊರಗುಳಿದವು.

ಗಂಡ: ಹಾಕಿದೆ. ಬಂತಾ?

ಹೆಂಡತಿ: ಇಲ್ಲ.

ಗಂಡ: ಹಾಗಾದ್ರೆ ಫೋನಿನ ತೂತಲ್ಲೇ ಕಸ ಕೂತಿದೆ. ಆಫ್ ಮಾಡಿ ಕೆದಕು.

ಹೆಂಡತಿ: ಆಫ್ ಮಾಡಿದ್ರೆ ಮತ್ತೆ ಆನ್ ಆಗದಿದ್ರೆ?



ಗಂಡ: ಆಗುತ್ತೆ. ನಾನಿದೀನಲ್ಲ.

ಹೆಂಡತಿ: ಅದೇ ಭಯ.

ಆದರೂ ಆಫ್ ಮಾಡಿದಳು. ಫೋನನ್ನು ಕಿಟಕಿಯ ಬೆಳಕಿಗೆ ಹಿಡಿದು ಹಲ್ಲುಕಡ್ಡಿಯಿಂದ ಮೆತ್ತಗೆ ಕೆದಕಿದಳು. ನೂಲು, ಬಟ್ಟೆಯ ಜುಂಗು ಉಂಡೆಯಾಗಿ ಈಚೆ ಬಂತು.

ಗಂಡ (ಹೊರಗೆ ತಲೆ ಹಾಕಿ): ಇಷ್ಟರಲ್ಲಿ ಒಂದು ಅಂಗಿ ಹೊಲಿಬಹುದು.

ಹೆಂಡತಿ: ಅಳತೆ ಕೊಡಿ, ನಿಮಗೇ ಹೊಲಿತೀನಿ.

ಫೋನು ಆನ್ ಆಯಿತು. ವೈರು ಹಾಕಿದ ಕೂಡಲೇ ಕಂಪ್ಯೂಟರು ಟುಣಕ್ ಎಂದಿತು. ಆತ ಮೇಜಿನಡಿಯಿಂದ ಎದ್ದು ಬಂದು ಪಕ್ಕದಲ್ಲಿ ಕೂತ.

ಗಂಡ: ಈ ಕಂಪ್ಯೂಟರನ್ನ ನಂಬ್ತೀರಾ ಅಂತ ಫೋನು ಕೇಳ್ತಿದೆ.

ಹೆಂಡತಿ: ಕಂಪ್ಯೂಟರನ್ನ ನಂಬ್ತೀನಿ. ಪಕ್ಕದಲ್ಲಿ ಕೂತಿರೋರ ವಿಷಯ ಅದು ಕೇಳಿಲ್ಲ, ಸದ್ಯ.

ಹೂಂ ಎಂದು ಒತ್ತಿದಳು. ಸಂದೇಶ ಕಂಪ್ಯೂಟರಿಗೆ ಇಳಿಯಿತು. ಆಕೆಯ ಮನಸ್ಸಿನ ಭಾರವೂ ಇಳಿಯಿತು.

ಗಂಡ: ಸರಿಯಾಗಿ ಬಂದಿದೆಯಾ ಅಂತ ಹಾಕಿ ನೋಡೋಣ.

ಹೆಂಡತಿ: ನೀವು ಹೋಗಿ ಕೈ ತೊಳ್ಕೊಳ್ಳಿ. ನಾನು ನೋಡ್ಕೋತೀನಿ.

ಗಂಡ: ಮಾವನ ದನಿ ಕೇಳಿ ನನಗೂ ವರ್ಷ ಆಯ್ತು ಕಣೇ.

ಆಕೆ ಸಂದೇಶದ ಮೇಲೆ ಒತ್ತಿದಳು. ಸಣ್ಣದೊಂದು ಕೆಮ್ಮು, ಆಮೇಲೆ ಆ ನಿಧಾನದ ದನಿ:

“ಮಗಳೇ, ಊಟ ಆಯ್ತಾ? ಮಿಕ್ಸಿ ಕೆಟ್ಟಿದೆ ಅಂದೆಯಲ್ಲ, ಅಳಿಯಂದ್ರ ಕೈಗೆ ಕೊಡಬೇಡ. ಬಂಗಾರದಂಥ ಮನುಷ್ಯ. ಆದ್ರೆ ಬಿಚ್ಚಿದ್ದನ್ನ ಜೋಡಿಸಿದ್ದು ನಾನು ಈವರೆಗೆ ನೋಡಿಲ್ಲ. ಸ್ಕ್ರೂಡ್ರೈವರ್ ಇದ್ರೆ ಬಚ್ಚಿಡು.”

ಗಂಡ ತಲೆ ತಗ್ಗಿಸಿ ಕೂತಿದ್ದ. ಭುಜಗಳು ಅಲುಗುತ್ತಿದ್ದವು.

ಹೆಂಡತಿ: ಅದಕ್ಕೇ ಕೈ ತೊಳ್ಕೊಳ್ಳಿ ಅಂದಿದ್ದು.

ಗಂಡ (ಕಣ್ಣೊರೆಸಿಕೊಂಡು): ಬಂಗಾರದಂಥ ಮನುಷ್ಯ ಅಂದ್ರಲ್ಲ, ಅಷ್ಟು ಇನ್ನೊಂದ್ಸಲ ಹಾಕು.

ಹೆಂಡತಿ: ಹಾಕ್ತೀನಿ. ಆದ್ರೆ ಅಲ್ಲಿಗೇ ನಿಲ್ಲಿಸೋಕೆ ನನಗೆ ಬರಲ್ಲ.