ಗುಲಾಬಿಯ ಕಾಲಿಗೆ ಪಟ್ಟಿ

ತತ್ತಿಯನ್ನೂ ಮುಟ್ಟದವರ ಮನೆಯಲ್ಲಿ ಕೋಳಿ ಸಾಕಿದರೆ ನಗೆಪಾಟಲಾಗಲು ಬೇರೆ ಕಾರಣ ಬೇಕಾಗುವುದಿಲ್ಲ. ದಿನಕ್ಕೊಂದು ತಾನಾಗಿ ನಡೆಯುತ್ತಿರುತ್ತದೆ. ನಾವು ಸಾಕಿದ್ದು ಒಂದೇ ಕೋಳಿ, ಹುಣ್ಣಾಗಿದ್ದು ಅದರ ಒಂದೇ ಕಾಲಿಗೆ. ಆದರೂ ಆ ಕಾಲಿನ ಕತೆಯನ್ನು ನೆಂಟರು ಕೂಡಿದಾಗಲೆಲ್ಲ ನನ್ನಿಂದ ಹೇಳಿಸುತ್ತಾರೆ.

೧. ಬಣ್ಣದ ಮರಿ

ಎಂಬತ್ತರ ದಶಕದ ನಡುವಿನ ಮಾತು. ನಮ್ಮನೆಯವರಿಗೆ ಹುಬ್ಬಳ್ಳಿಯಿಂದ ನಾಗಪುರಕ್ಕೆ ವರ್ಗವಾಗಿತ್ತು. ಆಫೀಸು ಸಿವಿಲ್ ಲೈನ್ಸಿನಲ್ಲಿ, ಮನೆ ಧರಮಪೇಠದಲ್ಲಿ. ಹಳೆಯ ಕಾಲದ ಮನೆಯ ಕೆಳಗಡೆ ನಾವು ಬಾಡಿಗೆಗೆ: ಅವರು, ನಾನು, ಎರಡನೇ ಇಯತ್ತೆಗೆ ಹೋಗುವ ಮಗಳು, ಮತ್ತು ನಮ್ಮ ಅತ್ತೆ. ಮೇಲೆ ಮನೆಯ ಮಾಲಕಿಣಿ, ಮರಾಠಿ ಬಾಯಿ, ಮತ್ತು ಅವರ ಯಜಮಾನರು. ಹಿಂದೆ ಸಿಮೆಂಟಿನ ಅಂಗಳ, ಮೂಲೆಯಲ್ಲಿ ತುಳಸಿಕಟ್ಟೆ.

ಆಗೆಲ್ಲ ಬುಟ್ಟಿಯಲ್ಲಿ ಬಣ್ಣ ಹಚ್ಚಿದ ಕೋಳಿಮರಿ ಮಾರುವವರು ಬರುತ್ತಿದ್ದರು. ಹಸಿರು, ಹಳದಿ, ಗುಲಾಬಿ. ಮಗಳು ಬುಟ್ಟಿಯ ಮುಂದೆ ಕೂತವಳು ಏಳಲೇ ಇಲ್ಲ. ಅವಳ ಅಪ್ಪ ಒಂದು ಗುಲಾಬಿ ಮರಿ ಕೊಡಿಸಿದರು. ಇಂಥ ಮರಿ ಬಹಳ ದಿನ ಬದುಕುವುದಿಲ್ಲವೆಂದು ಯಾರೋ ಹೇಳಿದ್ದರಿಂದ ಅತ್ತೆ ಸುಮ್ಮನಿದ್ದರು. ಮರಿ ಬದುಕಿತು. ಬಣ್ಣ ಉದುರಿ ಬಿಳಿ ಹೇಂಟೆಯಾಯಿತು, ಗುಲಾಬಿ ಎಂಬ ಹೆಸರು ಮಾತ್ರ ಉಳಿಯಿತು. ಅಂಗಳದಲ್ಲಿ ಇರಲಿ, ಹೊಸ್ತಿಲು ದಾಟಕೂಡದು ಎಂದು ಅತ್ತೆ ಕಾಯಿದೆ ಮಾಡಿದರು.

ತೊಂದರೆ ಬಂದದ್ದು ಅದು ತತ್ತಿ ಹಾಕತೊಡಗಿದಾಗ. ಮೇಲಿನ ಯಜಮಾನರಿಗೆ ಆಮ್ಲೆಟ್ ಇಷ್ಟವಿತ್ತು, ಹಾಗಾಗಿ ತತ್ತಿ ಅಲ್ಲಿಗೆ ಹೋಗುತ್ತಿತ್ತು. ಆದರೆ ನಮ್ಮ ಮನೆಯಲ್ಲಿ ಆ ಶಬ್ದವನ್ನು ಆಡುವಂತಿರಲಿಲ್ಲ. ಗುಲಾಬಿ ಬೆಳಿಗ್ಗೆ ಕೂಗಿದ ಕೂಡಲೇ ಅತ್ತೆ ಗೋಡೆಯ ಕಡೆ ಮುಖ ಮಾಡಿ ಮೊಮ್ಮಗಳಿಗೆ ಹೇಳುತ್ತಿದ್ದರು, "ಅಂಗಳದಾಗ ಏನೋ ಬಿದ್ದದ. ಮ್ಯಾಲ ಕೊಟ್ಟು ಬಾ."

೨. ಎಡಗಾಲು, ಬಲಗಾಲು

ಒಂದು ದೀಪಾವಳಿ ಕಳೆದ ಮೇಲೆ ಗುಲಾಬಿ ಕುಂಟತೊಡಗಿತು. ಅತ್ತೆಗೆ ಮೊದಲಿನಿಂದಲೂ ಮೊಣಕಾಲು ನೋವು, ಚಳಿ ಬಿದ್ದರೆ ಅವರೂ ಕುಂಟುತ್ತಿದ್ದರು. ಬೆಳಿಗ್ಗೆ ಅವರು ಚರಿಗೆ ಹಿಡಿದು ತುಳಸಿಗೆ ನೀರು ಹಾಕಲು ಹೊರಟರೆ ಗುಲಾಬಿ ಅವರ ಹಿಂದೆಯೇ ಕುಂಟುತ್ತ ಹೋಗುತ್ತಿತ್ತು. ಮೇಲಿನ ಗ್ಯಾಲರಿಯಿಂದ ಮಾಲಕಿಣಿ ಬಾಯಿ ನೋಡಿ ನಕ್ಕು, ಆಜೀ, ನಿಮ್ಮ ಕೋಳಿ ನಿಮ್ಮನ್ನೇ ನಕಲು ಮಾಡುತ್ತದೆ ನೋಡಿ ಎಂದು ಮರಾಠಿಯಲ್ಲಿ ಕೂಗಿದರು.

ಅತ್ತೆ ನಿಂತರು. ತಿರುಗಿ ಕೋಳಿಯನ್ನು ಚೆನ್ನಾಗಿ ನೋಡಿದರು. ಅವರಿಗೆ ಸಿಟ್ಟು ಬಂತೆಂದು ನಾನು ಒಳಗಿನಿಂದ ಓಡಿ ಬಂದೆ. ಅವರು ಹೇಳಿದ್ದಿಷ್ಟೇ: "ಅದು ಎಡಗಾಲು ಕುಂಟತದ. ನಂದು ಬಲಗಾಲು. ನಕಲು ಹ್ಯಾಂಗಾತು?"

೩. ಮೆತ್ತನೆಯ ಜಾಗ

ಹಿಡಿದು ನೋಡಿದರೆ ಅಂಗಾಲು ಅಡಿಕೆ ಇಟ್ಟ ಹಾಗೆ ಊದಿತ್ತು. ನಡುವೆ ಕಪ್ಪು ಹಕ್ಕಳೆ. ಮುಟ್ಟಿದರೆ ಬಿಸಿ. ಮಗಳು ಊಟ ಬಿಟ್ಟಳು. ಅವಳು ಊಟ ಬಿಟ್ಟದ್ದು ನೋಡಿ ಅವಳ ಅಪ್ಪ ಸ್ಕೂಟರ್ ತೆಗೆದರು. ನಾನು ಹಿಂದೆ ಕೂತೆ, ತೊಡೆಯ ಮೇಲೆ ಸಂತೆಯ ಚೀಲ, ಚೀಲದಿಂದ ಗುಲಾಬಿಯ ತಲೆ ಹೊರಗೆ. ಹೀಗೆ ಜನಾವರಗಳ ದವಾಖಾನೆಗೆ ಹೋದೆವು.

ಅಲ್ಲಿ ನಮ್ಮ ಮುಂದೆ ಎಮ್ಮೆಗಳ ಪಾಳಿ. ಒಂದೊಂದು ಎಮ್ಮೆಯವನೂ ಚೀಲದಲ್ಲಿ ಇಣುಕಿ, ಕಾಯಿಲೆ ಕೇಳಿ, ನಮ್ಮ ಮುಖ ನೋಡಿ ಹೋದ. ಡಾಕ್ಟರು ಮಾತ್ರ ನಗಲಿಲ್ಲ. ಎಮ್ಮೆಯ ಗೊರಸು ಹಿಡಿಯುವ ಕೈಯಿಂದ ಆ ಸಣ್ಣ ಪಾದವನ್ನು ಎರಡೇ ಬೆರಳಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಒಳಗೆ ಕೀವು ಕಟ್ಟಿದೆ, ಸಿಮೆಂಟಿನ ಮೇಲೆ ನಡೆದು ಗಾಯವಾಗಿ ಹೀಗಾಗಿರಬೇಕು ಎಂದರು. ಬಿಸಿ ಉಪ್ಪುನೀರಿನಲ್ಲಿ ಕಾಲು ನೆನೆಸಿ, ಹಕ್ಕಳೆ ಮೆತ್ತಗಾದ ಮೇಲೆ ಮೆಲ್ಲಗೆ ಬಿಡಿಸಿ ಒಳಗಿನ ಗಂಟು ತೆಗೆಯಬೇಕು. ಲಾಲ್ ದವಾ, ಅಂದರೆ ಗಾಯ ತೊಳೆಯುವ ಕೆಂಪು ಔಷಧಿ, ಹಾಕಿದ ನೀರಿನಲ್ಲಿ ತೊಳೆದು, ಮುಲಾಮು ಹಚ್ಚಿ, ಪಟ್ಟಿ ಕಟ್ಟಬೇಕು. ದಿನಾ ಬಿಚ್ಚಿ ಕಟ್ಟಬೇಕು. ಕೀವು ಎಲುಬಿಗೆ ಇಳಿದರೆ ಕೋಳಿ ಉಳಿಯುವುದಿಲ್ಲ ಎಂದೂ ಹೇಳಿದರು. ಮಗಳು ಬಂದಿರಲಿಲ್ಲ, ಪುಣ್ಯ.

ಕಡೆಗೆ, ಗಟ್ಟಿ ನೆಲದ ಮೇಲೆ ಬಿಡಬೇಡಿ, ಪೂರಾ ಆರಾಮ ಬೇಕು ಎಂದರು. ಕೋಳಿಗೆ ಆರಾಮ ಮಾಡಿಸುವುದು ಹೇಗೆಂದು ನಾನು ಕೇಳಿದೆ. ನಿಮ್ಮ ಮನೆಯಲ್ಲಿ ಮೆತ್ತನೆಯ ಜಾಗ ಎಲ್ಲಿದೆ ಎಂದು ಅವರು ತಿರುಗಿ ಕೇಳಿದರು. ನಮ್ಮನೆಯವರು ಯೋಚಿಸಿ, ತಾಯಿಯವರ ಗಾದಿ ಎಂದರು. ಹಾಗಾದರೆ ಅಲ್ಲಿಯೇ ಇಡಿ ಎಂದು ಡಾಕ್ಟರು ಮುಂದಿನ ಎಮ್ಮೆಯನ್ನು ಕರೆದರು.

ಮನೆಗೆ ಬಂದು ಡಾಕ್ಟರು ಹೇಳಿದ್ದೆಲ್ಲವನ್ನೂ ಅತ್ತೆಗೆ ಒಪ್ಪಿಸಿದೆವು, ಇದೊಂದನ್ನು ಬಿಟ್ಟು. ಗುಲಾಬಿಗೆ ಅಂಗಳದ ಪೆಟ್ಟಿಗೆಯಲ್ಲಿ ಹುಲ್ಲು ಹಾಸಿದೆವು.

೪. ಎರಡು ಬೋಗುಣಿ

ಬಿಸಿನೀರಿಗೆ ಗುಲಾಬಿ ಒದ್ದಾಡುತ್ತದೆಂದು ನಾನು ಸೆರಗು ಕಟ್ಟಿ ತಯಾರಾಗಿದ್ದೆ. ಕಾಲು ಬೋಗುಣಿಯಲ್ಲಿ ಇಳಿದದ್ದೇ ತಡ, ಅದು ಕಣ್ಣು ಮುಚ್ಚಿ ತೂಕಡಿಸತೊಡಗಿತು. ತಲೆ ನನ್ನ ಮೊಣಕೈ ಮೇಲೆ. ಅತ್ತೆ ಹೊಸ್ತಿಲ ಒಳಗೆ ಕೂತು ಇದನ್ನೆಲ್ಲ ನೋಡುತ್ತಿದ್ದರು. ಸಂಜೆ ಮತ್ತೆ ನೀರು ಕಾಸಿದಾಗ ತಡೆಯಲಾರದೆ ಹೇಳಿದರು, ಈ ಮೊಣಕಾಲು ಇಷ್ಟು ವರ್ಷದಿಂದ ನೋಯುತ್ತದೆ, ಯಾರೂ ಒಂದು ಚರಿಗೆ ನೀರು ಕಾಸಿ ಕೊಟ್ಟವರಿಲ್ಲ ಎಂದು.

ಮಾತು ಸುಳ್ಳಾಗಿರಲಿಲ್ಲ. ಮರುದಿನ ಎರಡು ಬೋಗುಣಿ ಇಟ್ಟೆ. ಹೊಸ್ತಿಲ ಒಳಗೆ ಅತ್ತೆ, ಹೊರಗೆ ಗುಲಾಬಿ. ಇಬ್ಬರಿಗೂ ಉಪ್ಪು ಹಾಕಿದ ಬಿಸಿನೀರು, ಇಬ್ಬರೂ ಕಣ್ಣು ಮುಚ್ಚಿ ಕೂತಿದ್ದರು. ಹೆಂಗನಿಸುತ್ತದೆ ಎಂದು ನಾನು ಅತ್ತೆಯನ್ನು ಕೇಳಿದೆ. ಅವರು ಒಂದು ಕಣ್ಣು ತೆರೆದು ಹೊಸ್ತಿಲಾಚೆ ಬಗ್ಗಿದರು, ಗುಲಾಬಿಯ ಬೋಗುಣಿಯಲ್ಲಿ ಬೆರಳು ಅದ್ದಿದರು.

"ಅದರ ನೀರು ಹೆಚ್ಚು ಬೆಚ್ಚಗ ಅದ."

೫. ಆಪರೇಷನ್ನು

ನೆನೆದು ನೆನೆದು ಹಕ್ಕಳೆ ಮೆತ್ತಗಾಯಿತು. ನಮ್ಮನೆಯವರು ಆಫೀಸಿಗೆ ರಜೆ ಹಾಕಿದರು. ಕೋಳಿಯನ್ನು ಟಾವೆಲ್ಲಿನಲ್ಲಿ ಸುತ್ತಿ ಹಿಡಿಯುವ ಕೆಲಸ ಅವರದು, ಚಿಮಟಿಗೆಯ ಕೆಲಸ ನನ್ನದು. ಹೆದರಬೇಡ, ನಾನು ಗಟ್ಟಿಯಾಗಿ ಹಿಡಿದಿರುತ್ತೇನೆ ಎಂದು ಬೆಳಗಿನಿಂದ ನನಗೆ ಧೈರ್ಯ ಹೇಳುತ್ತಲೇ ಇದ್ದರು. ಚಿಮಟಿಗೆಯನ್ನು ಕುದಿಸಿಕೊಂಡು ಅಂಗಳದ ಬಾಗಿಲಲ್ಲಿ ಕೂತೆವು.

ಹಕ್ಕಳೆ ಅಂಚಿನಿಂದ ಎದ್ದಿತು. ಕೋಳಿಯ ಕೀವು ನಮ್ಮದರ ಹಾಗೆ ಹರಿಯುವುದಿಲ್ಲ, ಗಟ್ಟಿ ಉಂಡೆಯಾಗಿರುತ್ತದೆ. ಅದರ ತುದಿ ಕಾಣಿಸಿತು, ಜೊತೆಗೆ ಸ್ವಲ್ಪ ರಕ್ತ. ಅಷ್ಟರಲ್ಲಿ ಟಾವೆಲ್ಲು ಸಡಿಲವಾಯಿತು. ಯಾಕೆಂದು ತಲೆ ಎತ್ತಿದರೆ ನಮ್ಮನೆಯವರು ಬಾಗಿಲ ಚೌಕಟ್ಟಿಗೆ ಒರಗಿ ಮೆಲ್ಲಗೆ ಕೆಳಗೆ ಜಾರುತ್ತಿದ್ದರು. ಮುಖ ಬಿಳಿ ಸುಣ್ಣ. ಗುಲಾಬಿ ರೆಕ್ಕೆ ಬಿಡಿಸಿಕೊಂಡಿತು. ಗಂಡನನ್ನು ಹಿಡಿಯಲೋ ಕೋಳಿಯನ್ನು ಹಿಡಿಯಲೋ ತಿಳಿಯದೆ ನಾನು ಚಿಮಟಿಗೆ ಎತ್ತಿ ಹಾಗೇ ಕೂತುಬಿಟ್ಟೆ.

ಆಗ ಅತ್ತೆ ಎದ್ದು ಬಂದರು. ಅಲ್ಲಿಯವರೆಗೆ ಅವರು ಗುಲಾಬಿಯನ್ನು ಒಮ್ಮೆಯೂ ಮುಟ್ಟಿದವರಲ್ಲ. ಹೊಸ್ತಿಲ ಮೇಲೆ ಕೂತು, ಎರಡೂ ಕೈಯಿಂದ ಟಾವೆಲ್ಲು ಒತ್ತಿ ಕೋಳಿಯನ್ನು ತೊಡೆಗೆ ಎಳೆದುಕೊಂಡರು. ಮಗನ ಕಡೆ ಒಮ್ಮೆ ನೋಡಿದರು. "ಮೊದಲ ಅಕೀದು ಮುಗಸು. ಅಂವಗೇನಾಗಿಲ್ಲ, ಸಣ್ಣಂವ ಇದ್ದಾಗಿಂದ ಹಿಂಗ."

ನಾನು ಮುಗಿಸಿದೆ. ಗಂಟು ಇಡಿಯಾಗಿ ಬಂತು. ಗದ್ದಲ ಕೇಳಿ ಮಾಲಕಿಣಿ ಬಾಯಿ ಇಳಿದು ಬಂದಾಗ ನಮ್ಮನೆಯವರು ನೆಲದ ಮೇಲೆ ಅಡ್ಡ, ತಲೆಯ ಕೆಳಗೆ ದಿಂಬು. ಪಕ್ಕದಲ್ಲಿ ಗುಲಾಬಿ ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಕೂತಿತ್ತು. ಬಾಯಿ ಇಬ್ಬರನ್ನೂ ನೋಡಿ, ಆಪರೇಷನ್ ಯಾರದಾಯಿತು ಎಂದು ಕೇಳಿದರು. ಅತ್ತೆ ತಲೆಯ ಮೇಲೆ ನೀರು ಹಾಕಿಕೊಳ್ಳಲು ಬಚ್ಚಲಿಗೆ ಹೋಗಿದ್ದರು.

ಅದೇ ವಾರ ಊರಿನಿಂದ ಬಂದವರು ಧಾರವಾಡದ ಪೇಢೆ ತಂದಿದ್ದರು. ನಮ್ಮನೆಯವರಿಗೆ ಪ್ರಾಣ ಅದು. ಡಬ್ಬಿ ತೆರೆದು, ಒಂದನ್ನು ಬೆರಳಲ್ಲಿ ಎತ್ತಿ, ತಿರುಗಿಸಿ ನೋಡಿ, ಮೆಲ್ಲಗೆ ವಾಪಸು ಇಟ್ಟರು. ಆ ವರ್ಷವೆಲ್ಲ ಅವರು ಪೇಢೆ ತಿನ್ನಲಿಲ್ಲ.

೬. ಮೇಲಿನವರ ಕಾಳಜಿ

ಪಟ್ಟಿ ಕಟ್ಟಿದ ದಿನಗಳಲ್ಲಿ ಮಾಲಕಿಣಿ ಬಾಯಿ ದಿನಾ ಬಂದು ವಿಚಾರಿಸುತ್ತಿದ್ದರು. ಒಮ್ಮೊಮ್ಮೆ ಜೋಳ ತರುತ್ತಿದ್ದರು, ಒಮ್ಮೊಮ್ಮೆ ಪಾಲಕ್ ಸೊಪ್ಪು. ಪರವೂರಿನಲ್ಲಿ ಇಷ್ಟು ಅಂತಃಕರಣದ ಜನ ಸಿಗುವುದು ಅಪರೂಪ ಎಂದು ಅತ್ತೆ ಮೆಚ್ಚಿಕೊಂಡರು. ಕಾಯಿಲೆಯ ಕೋಳಿ ತತ್ತಿ ಹಾಕುವುದಿಲ್ಲವೆಂಬುದು ನನಗೆ ಹೊಳೆದೇ ಇರಲಿಲ್ಲ. ಒಂದು ಬೆಳಿಗ್ಗೆ ಮೇಲಿನ ಯಜಮಾನರು ತಾವೇ ಅರ್ಧ ಮೆಟ್ಟಿಲು ಇಳಿದು ಬಂದು, ಗುಲಾಬಿಯನ್ನು ದೂರದಿಂದ ನೋಡಿ ನಿಟ್ಟುಸಿರುಬಿಟ್ಟು, "ರೋಜ್ ಉಪ್ಪೀಟ್ ಖಾತೋ ಮೀ" ಎಂದರು. ದಿನಾ ಉಪ್ಪಿಟ್ಟೇ ತಿನ್ನುತ್ತಿದ್ದೇನೆ ಎಂದು.

೭. ಗುಲಾಬಿಯನ್ನು ನೋಡಲು ಬಂದವರು

ನಮ್ಮನೆಯವರು ಮಾತು ಕಡಿಮೆ ಆಡುವವರು. ರಜೆ ಯಾಕೆ ಹಾಕಿದಿರಿ ಎಂದು ಆಫೀಸಿನಲ್ಲಿ ಕೇಳಿದಾಗ, ಗುಲಾಬಿಯ ಕಾಲಿನಲ್ಲಿ ಕೀವಾಗಿತ್ತು, ಮನೆಯಲ್ಲೇ ಆಪರೇಷನ್ ಮಾಡಬೇಕಾಯಿತು ಎಂದು ಹಿಂದಿಯಲ್ಲಿ ಹೇಳಿ ಸುಮ್ಮನಾಗಿದ್ದರು. ಗುಲಾಬಿ ಎಂದರೆ ಇವರ ತಾಯಿ ಎಂದು ಆಫೀಸು ತಾನೇ ತಿಳಿದುಕೊಂಡಿತು. ಇವರ ಸಾಹೇಬರು ರಜೆಯ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಸುಳ್ಳು ರಜೆ ಎಂದು ಗೊತ್ತಾದರೆ ಎಲ್ಲರೆದುರು ನಿಲ್ಲಿಸಿ ಮಾತಾಡುವವರು.

ಆ ರವಿವಾರ ಸಂಜೆ ಬಾಗಿಲು ಬಡಿದದ್ದು ಆ ಸಾಹೇಬರೇ. ಜೊತೆಗೆ ಅವರ ಹೆಂಡತಿ, ಕೈಯಲ್ಲಿ ಚೀಲ ತುಂಬ ಕಿತ್ತಳೆ. ಸಾಹೇಬರ ಹೆಂಡತಿ ಒಳಗೆ ಬಂದು ಮೃದುವಾಗಿ, ಗುಲಾಬಬಾಯಿ ಎಲ್ಲಿದ್ದಾರೆ, ನೋಡಿ ಹೋಗೋಣವೆಂದು ಬಂದೆವು ಎಂದರು.

ನಮ್ಮನೆಯವರು ಒರೆಸಿದ ಖುರ್ಚಿಗಳನ್ನೇ ಮತ್ತೆ ಒರೆಸತೊಡಗಿದರು. ಕೋಳಿಗಾಗಿ ರಜೆ ಹಾಕಿದ್ದೆ ಎಂದು ಹೇಳುವುದು ಹೇಗೆ? ನಾನು ಅಡಿಗೆಮನೆಯ ಬಾಗಿಲಲ್ಲಿ ಕಲ್ಲಾಗಿ ನಿಂತೆ. ಅತ್ತೆ ಮಗನ ಮುಖ ನೋಡಿದರು. ಹುಬ್ಬಳ್ಳಿ ಕಡೆಯ ಹಳಬರಾದ್ದರಿಂದ ಅವರಿಗೆ ಮರಾಠಿ ಚಲೋ ಬರುತ್ತಿತ್ತು. ಖುರ್ಚಿಯಲ್ಲಿ ನೆಟ್ಟಗೆ ಕೂತು, ಸೆರಗು ಸರಿ ಮಾಡಿಕೊಂಡು ಹೇಳಿದರು, "ಮೀಚ್ ಗುಲಾಬ್. ಬಸಾ." ನಾನೇ ಗುಲಾಬಿ, ಕೂಡ್ರಿ.

ಆಮೇಲೆ ಕೇಳಿದ್ದಕ್ಕೆಲ್ಲ ಅವರು ತಡವರಿಸದೆ ಉತ್ತರ ಕೊಟ್ಟರು. ಅಂಗಾಲು ಊದಿತ್ತು. ನೆಲಕ್ಕೆ ಊರಲು ಆಗುತ್ತಿರಲಿಲ್ಲ. ಸೊಸೆ ಬೆಳಿಗ್ಗೆ ಸಂಜೆ ತೊಳೆದು ಪಟ್ಟಿ ಕಟ್ಟುತ್ತಾಳೆ, ಒಂದು ದಿನ ಬೇಸರ ಮಾಡಲಿಲ್ಲ. ಮಗ ರಕ್ತ ನೋಡಲಾಗದೆ ಬಿದ್ದೇಬಿಟ್ಟ. ಸಾಹೇಬರ ಹೆಂಡತಿಗೆ ಕಣ್ಣಲ್ಲಿ ನೀರು ಬಂತು. ಈ ಕಾಲದಲ್ಲಿ ಇಂಥ ಸೊಸೆ ಎಂದು ನನ್ನ ಕೈ ಹಿಡಿದರು. ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ.

ಊಟಕ್ಕೆ ಏನು ಕೊಡುತ್ತಾರೆ ಎಂದು ಅವರು ಕೇಳಿದರು.

"ಜೋಳ," ಎಂದರು ಅತ್ತೆ. ಕೈ ಮುಷ್ಟಿ ಮಾಡಿ ತೋರಿಸಿ, "ಹಸೀ ಜೋಳ. ಒಂದ್ ಮುಟಗಿ."

ಸಾಹೇಬರು ಚಹಾದ ಬಸಿಯಿಂದ ತಲೆ ಎತ್ತಿದರು. ಅಷ್ಟರಲ್ಲಿ ಆಟಕ್ಕೆ ಹೋಗಿದ್ದ ಮಗಳು ಹಿತ್ತಿಲಿಂದ ಬಂದಳು. ಬರುತ್ತಲೇ ಜೋರಾಗಿ, "ಗುಲಾಬೀ, ಬಾ, ಬಾ, ಪಟ್ಟಿ ಬಿಚ್ಚೋ ಹೊತ್ತಾತು" ಎಂದು ಕರೆದಳು. ಅವಳ ಹಿಂದೆ ಗುಲಾಬಿ ಹೊಸ್ತಿಲು ದಾಟಿ, ಕಾಲಿನ ಬಿಳಿ ಪಟ್ಟಿಯನ್ನು ಎತ್ತೆತ್ತಿ ಇಡುತ್ತ, ನಡುಮನೆಗೆ ಬಂದು ಸಾಹೇಬರ ಎದುರು ನಿಂತಿತು.

ಸಾಹೇಬರು ಕೋಳಿಯ ಕಾಲು ನೋಡಿದರು. ಅತ್ತೆಯ ಕಾಲು ನೋಡಿದರು. ಅತ್ತೆ ಎರಡೂ ಪಾದಗಳನ್ನು ಮೆಲ್ಲಗೆ ಸೀರೆಯೊಳಗೆ ಎಳೆದುಕೊಂಡರು. ಸಾಹೇಬರು ಚಹಾದ ಬಸಿ ಕೆಳಗಿಟ್ಟು, ಪ್ಯಾಂಟು ಮೇಲೆಳೆದುಕೊಂಡು ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತರು. ಗುಲಾಬಿಯನ್ನು ಎರಡೂ ಕೈಯಿಂದ, ರೆಕ್ಕೆ ಸೇರಿಸಿ, ರೂಢಿಯಿದ್ದವರ ಹಾಗೆ ಎತ್ತಿಕೊಂಡರು. ತಮ್ಮದು ಉಮರೇಡ್ ಕಡೆಯ ಹಳ್ಳಿ, ಮನೆ ತುಂಬ ಕೋಳಿ ಇದ್ದವು ಎಂದರು. ಪಟ್ಟಿ ಬಿಗಿಯಾಗಿದೆ, ಬೆರಳುಗಳ ನಡುವೆ ಸ್ವಲ್ಪ ಸಡಿಲ ಬಿಡಬೇಕು ಎಂದು ಬಿಚ್ಚಿ ತಾವೇ ಕಟ್ಟಿದರು. ಹುಣ್ಣು ಒಣಗುತ್ತಿದೆ, ಉಳಿಯುತ್ತದೆ ಎಂದರು. ಉಳಿಯಿತು ಕೂಡ.

ಹೊರಡುವಾಗ ಸಾಹೇಬರು ನಮ್ಮನೆಯವರ ಹೆಗಲ ಮೇಲೆ ಕೈಯಿಟ್ಟರು. "ಆಫೀಸಿನಲ್ಲಿ ಎಲ್ಲರೂ ಸುಳ್ಳು ಹೇಳಿ ರಜೆ ತೆಗೆದುಕೊಳ್ಳುತ್ತಾರೆ," ಎಂದರು ಹಿಂದಿಯಲ್ಲಿ, "ನೀವೊಬ್ಬರೇ ನಿಜ ಹೇಳಿದ್ದು. ನಮಗೇ ತಿಳಿಯಲಿಲ್ಲ."

ಬಾಗಿಲು ಹಾಕಿ ಬಂದು ನಾನು ಅತ್ತೆಯನ್ನು ಕೇಳಿದೆ, ಅವರೆದುರು ಅಷ್ಟು ಸುಳ್ಳು ಹೇಳಲು ಹೇಗೆ ಧೈರ್ಯ ಬಂತು ಎಂದು. ಅತ್ತೆಗೆ ಸಿಟ್ಟೇ ಬಂತು. ಊದಿದ್ದು ಸುಳ್ಳೇ, ತೊಳೆದದ್ದು ಸುಳ್ಳೇ, ಜೋಳ ಸುಳ್ಳೇ, ಎಲ್ಲಾ ಖರೇನೇ ಹೇಳಿದ್ದೇನೆ ಎಂದರು. ಆಮೇಲೆ ಚೀಲದಿಂದ ದೊಡ್ಡದೊಂದು ಕಿತ್ತಳೆ ಆರಿಸಿ ಸುಲಿದರು. ಹಣ್ಣು ತಂದದ್ದು ಪೇಷಂಟಿಗೆ ಎಂದು ಹೇಳಿ, ಬೀಜ ತೆಗೆದ ಒಂದು ತೊಳೆಯನ್ನು ಗುಲಾಬಿಯ ಮುಂದೆ ಹಿಡಿದರು. ಗುಲಾಬಿ ಒಮ್ಮೆ ಕುಕ್ಕಿತು, ಹುಳಿಗೆ ತಲೆ ಕೊಡವಿತು, ತಿರುಗಿ ಅಂಗಳಕ್ಕೆ ನಡೆಯಿತು.

"ಒಲ್ಲೆ ಅಂದ್ಲು ನೋಡು," ಎಂದರು ಅತ್ತೆ. ಚೀಲವನ್ನು ತಮ್ಮ ತೊಡೆಯ ಮೇಲೆ ಎಳೆದುಕೊಂಡರು. "ಹಂಗಾರ ಗುಲಾಬಿ ನಾನ."