ಒಂದು ಮಾರು ದೂರದ ಲೆನ್ಸು

ರಾಯಚೂರಿನ ಬಿಸಿಲನ್ನು ಹೊಗಳುವ ಮನುಷ್ಯನನ್ನು ನೀವು ಎಲ್ಲಾದರೂ ನೋಡಿದ್ದೀರಾ? ನೋಡಿರಲಿಕ್ಕಿಲ್ಲ. ಇಲ್ಲಿ ಹುಟ್ಟಿದವರು ಅದನ್ನು ಬೈಯುತ್ತಾರೆ, ವರ್ಗವಾಗಿ ಬಂದವರು ಅಳುತ್ತಾರೆ. ಆದರೆ ಏಪ್ರಿಲ್ ತಿಂಗಳ ನಡುಮಧ್ಯಾಹ್ನ, ಕಾಗೆ ಕೂಡ ನೀರಿನ ಟಾಕಿಯ ನೆರಳು ಬಿಟ್ಟು ಕದಲದ ಹೊತ್ತಿನಲ್ಲಿ, ತಲೆಗೆ ಟವೆಲು ಸುತ್ತಿಕೊಂಡು ಮಾಳಿಗೆ ಹತ್ತಿ, "ಆಹಾ, ಏನು ಬಿಸಿಲಪಾ ಇದು! ಬಂಗಾರದಂಥ ಬಿಸಿಲು!" ಎನ್ನುವ ಒಬ್ಬ ಮಹಾನುಭಾವ ಇದ್ದಾನೆ. ಅವನು ನನ್ನ ಸೋದರಮಾವ.

ತಲೆ ಕೆಟ್ಟಿದೆ ಎಂದು ತಿಳಿಯಬೇಡಿ. ತಿಳಿದರೂ ಅಡ್ಡಿಯಿಲ್ಲ, ನಮ್ಮ ಅತ್ತೆ ನಿಮಗಿಂತ ಮೊದಲೇ ತಿಳಿದಿದ್ದಾಳೆ! ಮಾಮನ ಈ ಬಿಸಿಲಿನ ಭಕ್ತಿಗೆಲ್ಲ ಕಾರಣ ಅವನ ಹಳೆಯ ಜೂಮ್ ಲೆನ್ಸುಗಳು. ಈಗಿನ ಮಕ್ಕಳು ಮೊಬೈಲಿನ ಮೇಲೆ ಎರಡು ಬೆರಳು ಅಗಲಿಸಿದರೆ ದೂರದ್ದು ಹತ್ತಿರ ಬರುತ್ತದಲ್ಲ, ಆ ಕೆಲಸವನ್ನು ಒಂದು ಕಾಲದಲ್ಲಿ ರೊಟ್ಟಿ ಲಟ್ಟಣಿಗೆಗಿಂತ ದಪ್ಪನೆಯ ಕರಿ ಕೊಳವೆಗಳು ಮಾಡುತ್ತಿದ್ದವು. ಕೊಳವೆಯನ್ನು ಕೈಯಿಂದಲೇ ಹಿಂದೆ ಮುಂದೆ ಎಳೆಯಬೇಕು, ಅದರ ಮೇಲಿನ ಬಳೆಯನ್ನು ತಿರುಗಿಸಿ ಚಿತ್ರ ಸ್ಪಷ್ಟವಾಗುವ ತನಕ ಹದ ನೋಡಬೇಕು. ಯಾವುದೂ ತಾನಾಗಿ ಆಗುವುದಿಲ್ಲ. ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಮೀಟರು ರಿಪೇರಿ ಮಾಡಿ ನಿವೃತ್ತನಾದ ಮಾಮನಿಗೆ ಅದೇ ಅವುಗಳ ದೊಡ್ಡಸ್ತಿಕೆ.

"ಇವು ಎತ್ತು ಇದ್ದಂಗ ಯವ್ವಾ, ಮೈಮ್ಯಾಲ ಕೈಯಿಟ್ಟು ದುಡಿಸಬೇಕು. ಈಗಿನ ಲೆನ್ಸು ಗೂಳಿ. ತಮಗ ಎಲ್ಲಿ ಬೇಕೋ ಅಲ್ಲಿ ಹೋಗಿ ನಿಂದರತಾವ!" ಎನ್ನುತ್ತಾನೆ ನನಗೆ.

ಕ್ಯಾಮೆರಾ ಮಾತ್ರ ಈಗಿನದೇ. ನಡುವೆ ಒಂದು ಜೋಡಣೆಯ ಬಳೆ ಹಾಕಿ ಅದಕ್ಕೆ ಹಳೆಯ ಲೆನ್ಸು ತೊಡಿಸುತ್ತಾನೆ, ಹೊಸ ಸೊಸೆಗೆ ಅಜ್ಜಿಯ ನತ್ತು ತೊಡಿಸಿದ ಹಾಗೆ.

ಹಳೆಯ ಲೆನ್ಸಿನ ಶತ್ರು ಬೂಷ್ಟು. ಉಪ್ಪಿನಕಾಯಿಗೆ ಹಿಡಿಯುವ ಹಾಗೆಯೇ ಗಾಜಿನ ಒಳಗೂ ಹಿಡಿಯುತ್ತದೆ. ಅದಕ್ಕೆ ಮದ್ದು ಬಿಸಿಲು. ಹೀಗಾಗಿ ಬೇಸಿಗೆ ಬಂತೆಂದರೆ ಮಾಳಿಗೆಯ ಅರ್ಧ ಭಾಗ ಅತ್ತೆಯ ಸಂಡಿಗೆಗೆ, ಅರ್ಧ ಭಾಗ ಮಾಮನ ಲೆನ್ಸಿಗೆ. ಗಡಿ ದಾಟಬಾರದು ಎಂದು ಕರಾರು. ಒಂದು ವರ್ಷ ಲೆನ್ಸುಗಳು ಹೆಚ್ಚಾಗಿ, ಮಾಮ ಅತ್ತೆಯ ಸಂಡಿಗೆ ಹಾಸಿದ ಹಳೆಯ ಸೀರೆಯ ಮೇಲೇ ಎರಡು ಇಟ್ಟಿಗೆ ತುಂಡಿಟ್ಟು, "ಗಾಳಿ ಆಡಲಿ" ಎಂದು ಒಂದು ದೊಡ್ಡ ಲೆನ್ಸನ್ನು ಸೂರ್ಯನಿಗೆ ಮುಖ ಮಾಡಿ ನಿಲ್ಲಿಸಿ ಕೆಳಗೆ ಇಳಿದ. ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯವರು ಕೂಗಿಕೊಂಡರು. ಮೇಲೆ ಓಡಿದರೆ ಸೀರೆ ಹೊಗೆಯಾಡುತ್ತಿದೆ!

ಅತ್ತೆ ಚೆಂಬಿನ ನೀರು ಸುರಿದು ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಸಂಡಿಗಿ ಎಣ್ಣಿಯಾಗ ಕರೀತಾರ ಅಂತ ಗೊತ್ತಿತ್ತು. ಬಿಸಿಲಾಗ ಕರಿಯೋದು ಇವತ್ತೇ ನೋಡಿದೆ."

ಮಾಮ ಅದನ್ನು ಕೇಳಿಸಿಕೊಂಡರೆ ತಾನೆ? ಮೊಣಕಾಲೂರಿ ಕೂತು ಸೀರೆಯ ತೂತನ್ನೇ ನೋಡುತ್ತಿದ್ದ. "ಏ, ತೂತು ಎಷ್ಟು ಸಣ್ಣದು ನೋಡೇ! ಜ್ವಾಳದ ಕಾಳಿನಷ್ಟಿಲ್ಲ! ಇದಕ್ಕಂತಾರ ಶಾರ್ಪ್ ಲೆನ್ಸು!"

ಬೂಷ್ಟಿನ ಭಯದಿಂದ ಅವನು ಚಪ್ಪಲಿ ಅಂಗಡಿಗಳನ್ನೂ ಬಿಟ್ಟಿಲ್ಲ. ಹೊಸ ಬೂಟಿನ ಡಬ್ಬಿಯಲ್ಲಿ ತೇವ ಹೀರುವ ಹರಳಿನ ಪುಟ್ಟ ಪೊಟ್ಟಣ ಇರುತ್ತದಲ್ಲ, ಅದನ್ನು ಕೇಳಿ ತರುತ್ತಾನೆ. ಬಜಾರಿನ ಅಂಗಡಿಯವರು ಅವನು ಬಂದರೆ ಕಾಲಿನ ಅಳತೆ ಕೇಳುವುದನ್ನೇ ಬಿಟ್ಟಿದ್ದಾರೆ. ಆ ಪೊಟ್ಟಣಗಳ ಜತೆ ಲೆನ್ಸುಗಳೆಲ್ಲ ಅತ್ತೆಯ ಬಿಗಿ ಮುಚ್ಚಳದ ಸ್ಟೀಲು ಡಬ್ಬಿಗಳಲ್ಲಿ ಮಲಗಿರುತ್ತವೆ. ಚಕ್ಕುಲಿ, ಶೇಂಗಾ ಚಟ್ನಿ ಪ್ಲಾಸ್ಟಿಕ್ ಚೀಲದಲ್ಲಿ! ಆ ಮನೆಯಲ್ಲಿ ಮೆತ್ತಗಾಗದೆ ಗರಿಗರಿಯಾಗಿ ಉಳಿಯುವುದು ಲೆನ್ಸು ಒಂದೇ.

ಇಷ್ಟೊಂದು ಲೆನ್ಸು ಎಲ್ಲಿಂದ ಬಂದವು ಎಂದಿರಾ? ಸುತ್ತಲಿನ ಊರುಗಳ ಹಳೆಯ ಫೋಟೋ ಸ್ಟುಡಿಯೋಗಳಿಂದ. ಒಮ್ಮೆ ದೇವದುರ್ಗದಲ್ಲಿ ಇಸ್ಮಾಯಿಲ್ ಭಾಯಿ ಎನ್ನುವವರ ಸ್ಟುಡಿಯೋಕ್ಕೆ ನನ್ನನ್ನೂ ಕರೆದುಕೊಂಡು ಹೋಗಿದ್ದ. ಒಳಗೆ ಕಾಲಿಟ್ಟವನೇ ಹಾವು ತುಳಿದವರ ಹಾಗೆ ಹಾರಿದ. ಬಾಗಿಲು ಗಾಳಿಗೆ ಬಡಿಯದಿರಲಿ ಎಂದು ಅಡ್ಡಲಾಗಿ ಇಟ್ಟಿದ್ದದ್ದು ಒಂದು ಜೂಮ್ ಲೆನ್ಸು!

"ಭಾಯಿ, ಇದು ಬಾಗಲಿಗೆ ಇಡೋ ಕಲ್ಲೇನ್ರಿ?" ಮಾಮ ಅದನ್ನು ಎರಡೂ ಕೈಯಿಂದ ಎತ್ತಿಕೊಂಡ.

"ಅರೇ ಸಾಬ್, ಅದು ಪೂರಾ ಖರಾಬ್ ಆಗ್ಯಾದ್ರಿ. ಒಳಗ ಬೂಷ್ಟು. ನಿಮಗ ಬೇಕಂದ್ರ ಖುಷೀಲೆ ತಗೊಂಡು ಹೋಗ್ರಿ. ಆದ್ರ ಬಾಗಲಿಗೆ ಇನ್ನೊಂದು ಏನರ ಇಟ್ಟು ಹೋಗ್ರಿ ಮತ್ತ."

ಮಾಮ ಬೀದಿಯಲ್ಲಿ ಕಲ್ಲು ಹುಡುಕಿದ. ಅದೂ ಎಂಥ ಕಲ್ಲು! ಒಂದು ಕೈಯಲ್ಲಿ ಲೆನ್ಸು, ಒಂದು ಕೈಯಲ್ಲಿ ಕಲ್ಲು ಹಿಡಿದು ತೂಗಿ ನೋಡಿ, ಸರಿಸಮ ತೂಕದ್ದು ಸಿಕ್ಕ ಮೇಲೆಯೇ ಸಮಾಧಾನ. ವಾಪಸು ಬರುವ ಬಸ್ಸಿನಲ್ಲಿ ಲೆನ್ಸನ್ನು ಟವೆಲಿನಲ್ಲಿ ಸುತ್ತಿ ಎದೆಗವಚಿಕೊಂಡು, ಧೂಳು ಬಡಿಯದಂತೆ ಮುಖ ಮುಚ್ಚಿ ಕೂತಿದ್ದ. ಮುಂದಿನ ಸೀಟಿನ ಅಜ್ಜಿ ತಿರುಗಿ ನೋಡಿ, "ಕೂಸಿಗೆ ಎಷ್ಟು ತಿಂಗಳಾದ್ವು ಯಪ್ಪಾ?" ಎಂದಳು.

"ನಲವತ್ತು ವರ್ಷ ದಾಟ್ಯಾವ ಯವ್ವಾ," ಎಂದ ಮಾಮ, ಗಂಭೀರವಾಗಿ. ಅಜ್ಜಿ ರಾಯಚೂರು ಬರುವ ತನಕ ಮತ್ತೆ ತಿರುಗಲಿಲ್ಲ.

ಅದೇ ಲೆನ್ಸು ಮುಂದೆ ಇನ್ನೊಂದು ಅವಾಂತರ ಮಾಡಿತು. ಲೆನ್ಸು ಬಿಚ್ಚುವಾಗ ಯಾವ ಬಳೆ ಎಲ್ಲಿ ಕಳಚಿತು ಎಂದು ಗುರುತು ಹಾಕದಿದ್ದರೆ ಮತ್ತೆ ಕೂಡಿಸುವಾಗ ಹದ ತಪ್ಪುತ್ತದೆ. ಕರಿ ಕೊಳವೆಯ ಮೇಲೆ ಎದ್ದು ಕಾಣುವಂಥದ್ದು ಏನಿದೆ? ದೇವರ ಜಗುಲಿಯ ವಿಭೂತಿ ಇದೆ! ಮೂರು ಬಳೆಗೆ ಮೂರು ಬಿಳಿ ಗೆರೆ ಎಳೆದು ಮಾಮ ಅದನ್ನು ಗೋಡೆಯ ಗೂಡಿನಲ್ಲಿ ನೆಟ್ಟಗೆ ನಿಲ್ಲಿಸಿ ಊಟಕ್ಕೆ ಹೋದ. ಗುಂಜಹಳ್ಳಿಯಿಂದ ಬಂದಿದ್ದ ಅತ್ತೆಯ ದೊಡ್ಡಮ್ಮ ಒಳಗೆ ಬಂದವಳೇ, ಗೂಡಿನಲ್ಲಿ ಕರ್ರಗೆ ಮೂರು ಪಟ್ಟೆ ಹೊತ್ತು ನಿಂತದ್ದನ್ನು ಕಂಡು, ಸೆರಗು ಹೊದ್ದು, ಕೈಮುಗಿದು, ಗಲ್ಲ ಬಡಿದುಕೊಂಡಳು. ನಾವೆಲ್ಲ ನಗು ತಡೆಯಲಾರದೆ ಗೋಡೆ ಕಡೆ ತಿರುಗಿದೆವು. ಅತ್ತೆ ಮಾತ್ರ ನಗಲಿಲ್ಲ.

"ಕೈ ಮುಗೀಲಿ ಬಿಡ್ರಿ, ತಪ್ಪೇನದ? ಈ ಮನಿಯಾಗ ಮೂರೂ ಹೊತ್ತು ಅದಕ್ಕೇ ಪೂಜಿ ನಡೀತದ."

ಯಾವ ಲೆನ್ಸಿನ ರಿಪೇರಿ ಮುಗಿದರೂ ಪರೀಕ್ಷೆ ಮಾತ್ರ ಅತ್ತೆಯ ಮೇಲೆ. ಪಡಸಾಲೆಯ ಕಿಟಕಿ ಪಕ್ಕ ಮಾಮನ ಸ್ಟೂಲು. ಎದುರಿಗೆ ಅಡುಗೆಮನೆಯ ಬಾಗಿಲ ಮುಂದೆ ಅತ್ತೆ ಮೊರ ಹಿಡಿದು ಅಕ್ಕಿ ಆರಿಸುವ ಜಾಗ. "ಏ, ಒಂದೀಟು ಈ ಕಡಿ ನೋಡು," ಎನ್ನುತ್ತಾನೆ. ಅತ್ತೆ ನೋಡುವುದಿಲ್ಲ. ಅವಳ ಮೂಗುಬೊಟ್ಟಿನಲ್ಲಿ ಏಳು ಹರಳು. ಲೆನ್ಸಿನಲ್ಲಿ ಏಳೂ ಬೇರೆ ಬೇರೆಯಾಗಿ ಕಂಡರೆ ಪಾಸು, ಕಾಣದಿದ್ದರೆ ಮತ್ತೆ ಸ್ಕ್ರೂಡ್ರೈವರು.

"ಊರ ಮಂದಿ ಪೌಡರ್ ಹಚ್ಚಿಕೊಂಡು ಬಂದು ಇವರ ಮುಂದ ಫೋಟೊಕ್ಕ ನಿಂದರತಾರ," ಎಂದು ಅತ್ತೆ ನನ್ನೆದುರು ದೂರುತ್ತಿದ್ದಳು. "ನಾನು ನೋಡು, ಬರೇ ಚೆಕ್ಕಿಂಗಿಗೆ!"

ಮೊನ್ನೆ ಮೊನ್ನೆ ಮಾನ್ವಿಯಲ್ಲಿ ನಮ್ಮ ಬಳಗದಲ್ಲಿ ಒಂದು ಮದುವೆ. ದುಡ್ಡು ಕೊಟ್ಟು ಕರೆಸಿದ ಫೋಟೋಗ್ರಾಫರು ಇದ್ದರೂ ಮಾಮ ತನ್ನ ದೇವದುರ್ಗದ ಲೆನ್ಸು ಹಿಡಿದು ಮಂಟಪದೆದುರು ನಿಂತ. ತಾಳಿ ಕಟ್ಟುವ ಹೊತ್ತು. ಮಾಮ ಬಳೆ ತಿರುಗಿಸಿದ, ಮತ್ತೆ ತಿರುಗಿಸಿದ, ಹಿಂದಕ್ಕೆ ತಿರುಗಿಸಿದ. "ಒಂದೀಟು ತಡೀಪಾ!" ಎಂದು ವರನಿಗೆ ಕೈ ಮಾಡಿದ. ವರ ಪಾಪದವನು, ತಾಳಿ ಹಿಡಿದು ನಿಂತೇಬಿಟ್ಟ! ಮಂದಿಯೆಲ್ಲ ಅಕ್ಕಿಕಾಳು ಹಿಡಿದ ಕೈ ಮೇಲೆತ್ತಿ ನಿಂತರು. "ಯಪ್ಪಾ, ಮುಹೂರ್ತ ನಿಮ್ಮ ಫೋಕಸ್ಸಿಗೆ ಕಾಯಂಗಿಲ್ರಿ!" ಎಂದು ಮಂತ್ರ ಹೇಳುತ್ತಿದ್ದ ಅಯ್ಯನವರು ರೇಗಿದರು. ಛತ್ರವೆಲ್ಲ ನಕ್ಕಿತು.

ಫೋಟೋ ನೋಡಿದಾಗ ಯಾರೂ ನಗಲಿಲ್ಲ. ಒಂದೂ ಸ್ಪಷ್ಟವಾಗಿರಲಿಲ್ಲ. ವಧು, ವರ, ಅಯ್ಯನವರು, ಎಲ್ಲರೂ ಅಂಚು ಕರಗಿ ಒಬ್ಬರೊಳಗೊಬ್ಬರು ಬೆರೆತ ಹಾಗಿದ್ದರು.

"ಲೆನ್ಸಿನಾಗ ಮಂಜು ಕುಂತದ," ಎಂದ ಮಾಮ. ಬಿಚ್ಚಿದ, ಒರೆಸಿದ, ಕೂಡಿಸಿದ. ಮಂಜು ಹೋಗಲಿಲ್ಲ. ಇನ್ನೊಂದು ಲೆನ್ಸು ತೆಗೆದ. ಅದರಲ್ಲೂ ಮಂಜು. ಡಬ್ಬಿಯ ಮೇಲೆ ಡಬ್ಬಿ ತೆಗೆದ. ಎಲ್ಲದರಲ್ಲೂ ಮಂಜು! ಇಡೀ ದಿನ ಮಾಳಿಗೆಗೂ ಪಡಸಾಲೆಗೂ ಓಡಾಡಿ, ಸಂಜೆ ಸ್ಟೂಲಿನ ಮೇಲೆ ಕುಸಿದು ಕೂತ. ಅತ್ತೆ ಚಹಾ ಲೋಟ ಅವನ ಕೈಗೆ ಕೊಟ್ಟು ಮೆತ್ತಗೆ ಹೇಳಿದಳು.

"ಎಲ್ಲಾ ಲೆನ್ಸಿನಾಗೂ ಬೂಷ್ಟು ಕಾಣಾಕತ್ತಂದ್ರ, ಬೂಷ್ಟು ಲೆನ್ಸಿನಾಗ ಇಲ್ರೀ. ನಾಳಿ ಕಣ್ಣಿನ ಡಾಕ್ಟರ ಕಡಿ ಹೋಗೂನು."

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಪರೀಕ್ಷೆ ಮಾಡಿ, "ಪೊರಿ ಬಂದದ ಯಪ್ಪಾ. ಆಪರೇಷನ್ ಮಾಡಬೇಕು," ಎಂದಳು.

"ತಗದು, ಒರಸಿ, ತಿರುಗಿ ಕೂಡಸಾಕ ಬರಂಗಿಲ್ಲೇನ್ರಿ?"

"ಬರಂಗಿಲ್ಲ. ನಿಮ್ಮ ಕಣ್ಣಿನ ಲೆನ್ಸು ತಗದು ಹೊಸಾದು ಹಾಕ್ತೀವಿ."

"ಹೊಸಾದು ಜೂಮ್ ಆಗತದೇನ್ರಿ?"

ಡಾಕ್ಟರಿಗೆ ನಗು ಬಂತು. "ಇಲ್ಲ ಯಪ್ಪಾ. ಅದು ಒಂದೇ ದೂರಕ್ಕ ಸ್ಪಷ್ಟ ಕಾಣೋದು. ದೂರದ್ದು ಬೇಕೋ, ಹತ್ತರದ್ದು ಬೇಕೋ, ನೀವೇ ಹೇಳ್ರಿ. ಉಳಿದದ್ದಕ್ಕ ಚಸ್ಮಾ. ಎಲ್ಲಾ ದೂರಾನೂ ತೋರಸೋವೂ ಅವ, ಆದ್ರ ಕೆಲವರಿಗೆ ರಾತ್ರಿ ದೀಪದ ಸುತ್ತ ಉಂಗುರ ಕಾಣತಾವ."

"ಬ್ಯಾಡ್ರಿ ಬ್ಯಾಡ್ರಿ! ಉಂಗುರ ಬೀಳೋ ಲೆನ್ಸು ನಾ ಮನಿಯಾಗೇ ಇಟ್ಟುಕೊಳ್ಳಂಗಿಲ್ಲ, ಕಣ್ಣಾಗ ಇಟ್ಟುಕೊಳ್ಳಲೇನು?"

ಅಲ್ಲಿ ಹಾಸ್ಯ ಮಾಡಿ ಬಂದವನು ಮನೆಯಲ್ಲಿ ಲೆನ್ಸಿನ ಡಬ್ಬಿ ಮುಟ್ಟುವುದನ್ನೇ ಬಿಟ್ಟ. ಜೀವಮಾನವೆಲ್ಲ ದೂರವನ್ನು ಹತ್ತಿರಕ್ಕೂ ಹತ್ತಿರವನ್ನು ದೂರಕ್ಕೂ ಎಳೆದಾಡಿದ ಮನುಷ್ಯ. ಉಳಿದ ಆಯುಷ್ಯಕ್ಕೆಲ್ಲ ಒಂದೇ ಒಂದು ದೂರ ಆರಿಸಿಕೊ ಎಂದರೆ? ಬಳಗದವರೆಲ್ಲ ಸಲಹೆ ಕೊಟ್ಟರು, ಬಿಟ್ಟಿ ಸಿಗುವುದು ಅದೊಂದೇ ತಾನೆ! "ಹತ್ತರದ್ದು ತಗೊಳ್ಳಪಾ, ಪೇಪರ್ ಓದಾಕ ಬರತದ," ಎಂದಳು ನಮ್ಮವ್ವ. "ದೂರದ್ದೇ ತಗೋರಿ ಸಾಬ್. ಹತ್ತರ ಏನದ ನೋಡಾಕ?" ಎಂದು ಇಸ್ಮಾಯಿಲ್ ಭಾಯಿ ಫೋನಿನಲ್ಲಿ ಹೇಳಿದರು. ಹತ್ತಿರದ್ದು ಹಾಕಿಸಿಕೊಂಡರೆ ಬೀದಿ ಮಸುಕು, ದೂರದ್ದು ಹಾಕಿಸಿಕೊಂಡರೆ ಲೆನ್ಸಿನ ಸಣ್ಣ ಸ್ಕ್ರೂ ಮಸುಕು. ಮಾಮ ಖಾಲಿ ಕೈಯಲ್ಲಿ ಬಳೆ ತಿರುಗಿಸುವವನ ಹಾಗೆ ಬೆರಳು ಆಡಿಸುತ್ತ ಕೂತಿರುತ್ತಿದ್ದ. ನನಗೆ ನೋಡಲಾಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ನಾನು ಹೋದಾಗ ಕೈಯಲ್ಲಿ ಅತ್ತೆ ಹೂ ಕಟ್ಟುವ ದಾರದ ಉಂಡೆ ಹಿಡಿದು ನಿಂತಿದ್ದ. "ಯವ್ವಾ, ಈ ತುದಿ ಹಿಡಕೊಂಡು ಅಡಗಿ ಮನಿ ಬಾಗಲ ಹತ್ತರ ನಿಂದರು," ಎಂದ. ಅತ್ತೆ ಎಂದಿನ ಜಾಗದಲ್ಲಿ ಅಕ್ಕಿ ಆರಿಸುತ್ತಿದ್ದಳು. ಅವಳ ಪಕ್ಕದಲ್ಲೇ ನಿಂತೆ. ಮಾಮ ಸ್ಟೂಲಿನ ಮೇಲೆ ಕೂತು ದಾರ ಬಿಗಿ ಮಾಡಿ, ತನ್ನ ಕಣ್ಣಿನ ತನಕ ಎಳೆದು, ಅಲ್ಲೊಂದು ಗಂಟು ಹಾಕಿದ.

"ಪಡಸಾಲ್ಯಾಗ ಅರಬಿ ಒಣ ಹಾಕಾಕ ಹಗ್ಗ ಕಟ್ಟತೀರೇನ್ರಿ?" ಎಂದಳು ಅತ್ತೆ, ತಲೆಯೆತ್ತದೆ. ನಾನೂ ಹಾಗೆಯೇ ಅಂದುಕೊಂಡೆ.

ಆಪರೇಷನ್ನಿನ ಮುಂಚೆ ಅಳತೆಗೆ ಕರೆದಾಗ ಡಾಕ್ಟರು ಮತ್ತೆ ಕೇಳಿದಳು. "ಏನು ವಿಚಾರ ಮಾಡಿದ್ರಿ? ದೂರದ್ದೋ, ಹತ್ತರದ್ದೋ?"

ಅತ್ತೆ ಹೊರಗೆ ಬೆಂಚಿನ ಮೇಲಿದ್ದಳು. ಮಾಮ ಜೇಬಿನಿಂದ ದಾರ ತೆಗೆದು ಮೇಜಿನ ಮೇಲೆ ಇಟ್ಟ. "ಇಷ್ಟು ದೂರಕ್ಕ ಮಾಡ್ರಿ."

ಡಾಕ್ಟರು ಎರಡೂ ಕೈ ಚಾಚಿ ಅಳೆದಳು. ಹೂವಾಡಗಿತ್ತಿಯ ಲೆಕ್ಕದಲ್ಲಿ ಒಂದು ಮಾರು. "ಇದು ಅತ್ತಾಗೂ ಇಲ್ಲ ಇತ್ತಾಗೂ ಇಲ್ಲಲ್ಲ ಯಪ್ಪಾ! ಓದಾಕೂ ಚಸ್ಮಾ ಬೇಕು, ರಸ್ತೆದಾಗೂ ಚಸ್ಮಾ ಬೇಕಾಗಬಹುದು."

"ಹಾಕ್ಕೊಂತೀನ್ರಿ. ಎಲ್ಲಾದಕ್ಕೂ ಹಾಕ್ಕೊಂತೀನಿ. ಇದೊಂದು ದೂರಕ್ಕ ಮಾತ್ರ ನಡುವ ಏನೂ ಬ್ಯಾಡ."

ಪಕ್ಕದಲ್ಲಿ ನಿಂತಿದ್ದ ನನಗೆ ಆಗ ಹೊಳೆಯಿತು, ಆ ದಾರದ ಇನ್ನೊಂದು ತುದಿ ಎಲ್ಲಿತ್ತು ಎಂದು. ಕಣ್ಣು ತುಂಬಿ ಬಂದು ನನಗೂ ಸ್ವಲ್ಪ ಹೊತ್ತು ಡಾಕ್ಟರು ಮಸುಕಾಗಿ ಕಂಡಳು. ಮನೆಗೆ ಬಂದು ಅತ್ತೆಗೆ ಗುಟ್ಟಾಗಿ ಹೇಳಿದೆ. ಅವಳು ಒಲೆಯ ಕಡೆ ತಿರುಗಿಕೊಂಡಳು.

ಆಪರೇಷನ್ ಆಗಿ ಪಟ್ಟಿ ತೆಗೆದ ದಿನ ಮಾಮ ಮನೆಗೆ ಬಂದು ಸ್ಟೂಲಿನ ಮೇಲೆ ಕೂತ. ಅತ್ತೆ ಮೊರ ತಂದು ತನ್ನ ಜಾಗದಲ್ಲಿ ಕೂತಳು. ಮಾಮ ಹೇಳುವ ಮೊದಲೇ, ನನ್ನ ನೆನಪಿನಲ್ಲಿ ಮೊದಲ ಸಲ, ತಲೆಯೆತ್ತಿ ನೇರವಾಗಿ ಅವನ ಕಡೆ ನೋಡಿದಳು.

ಮಾಮ ಬಹಳ ಹೊತ್ತು ನೋಡಿದ. "ಏ, ಮೂಗುಬೊಟ್ಟಿನಾಗ ಒಂದು ಹರಳು ಬಿದ್ದದಲ್ಲೇ!"

"ಹೌದ್ರಿ."

"ಯಾವಾಗ ಬಿತ್ತು?"

"ಹ್ವಾದ ದೀಪಾವಳಿಗೆ."

ಮಾಮನ ಮುಖ ಸಣ್ಣದಾಯಿತು. ದೀಪಾವಳಿ ಆದ ಮೇಲೆ ಎಷ್ಟು ಲೆನ್ಸು ಕೂಡಿಸಿದ್ದ! ಪ್ರತಿಯೊಂದಕ್ಕೂ "ಏಳೂ ಹರಳು ಕಾಣಾಕತ್ತಾವ, ಪಾಸು!" ಎಂದಿದ್ದ. ಅತ್ತೆ ಅದನ್ನು ಪ್ರತಿ ಸಲವೂ ಕೇಳಿಸಿಕೊಂಡು ಸುಮ್ಮನೆ ಅಕ್ಕಿ ಆರಿಸಿದ್ದಳು.

"ಅಷ್ಟು ದಿನ ಯಾಕ ಕೂಡಿಸಲಿಲ್ಲ?"

"ನಿಮಗ ಕಾಣಲಿ ಅಂತ ಕಾಯಾಕತ್ತಿದ್ದೆ," ಎಂದಳು ಅತ್ತೆ. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು. "ಇವತ್ತು ನೀವು ಪಾಸ್ ಆದ್ರಿ, ತಗೋರಿ."

ಅವತ್ತು ಮಾಮ ಕ್ಯಾಮೆರಾ ಕೇಳಲಿಲ್ಲ. ಸ್ಟೂಲಿನ ಮೇಲೆ ಕೂತು ಸುಮ್ಮನೆ ನೋಡುತ್ತಿದ್ದ. ಅತ್ತೆಯೂ ಒಲೆಯ ಮೇಲಿನ ಹಾಲು ಮರೆತು, ಆ ಕಡೆ ಈ ಕಡೆ ಸರಿಯದೆ, ಅಲ್ಲೇ ಕೂತಿದ್ದಳು.